ಮರೆತವನ ಗುರುತು

ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಕೊಟ್ಟು, ಕೊಂಡು, ಬಂಗಾರದಂತೆ ಬಾಳೋಣವೆಂದು ಹಿರಿಯರ ಕಾಲಿಗೆರಗುವ ವಾಡಿಕೆ ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇಂದಿಗೂ ತಪ್ಪಿಲ್ಲ. ಇಲ್ಲಿ ಬನ್ನಿಯ ಸ್ಥಾನದಲ್ಲಿ ಆಪಟೆಯ ಎಲೆ ಬರುತ್ತದೆ. ಅದಕ್ಕೂ ಬಂಗಾರವೆಂದೇ ಹೆಸರು. ಈ ವಾಡಿಕೆಯ ಹಿಂದಿರುವ ವಿರಾಟಪರ್ವದ ಪ್ರಸಂಗವನ್ನು ಆಯುಧಗಳ ಕಥೆಯೆಂದೇ ಬಹುಮಂದಿ ಎಣಿಸುತ್ತಾರೆ. ಆದರೆ ಅದು ಗುರುತಿನ ಕಥೆಯೂ ಹೌದು. ಒಂದು ವರ್ಷ ಬೃಹನ್ನಳೆಯಾಗಿ ಅಂತಃಪುರದಲ್ಲಿ ನೃತ್ಯ ಕಲಿಸಿಕೊಂಡಿದ್ದವನು ಶಮೀವೃಕ್ಷದ ಬುಡದಲ್ಲಿ ನಿಂತು ತಾನು ಅರ್ಜುನನೆಂದು ಹೇಳಿದಾಗ ಉತ್ತರಕುಮಾರನು ಒಡನೆಯೇ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆಯೆಂದು ಕೇಳಿಬಲ್ಲೆ, ಅವನ್ನು ಹೇಳಿದರೆ ನಂಬುವೆನೆನ್ನುತ್ತಾನೆ. ಅರ್ಜುನನು ಹತ್ತನ್ನೂ ಹೇಳಿ, ಒಂದೊಂದು ಹೇಗೆ ಬಂತೆಂಬುದನ್ನೂ ವಿವರಿಸುತ್ತಾನೆ. ಹೇಡಿಯೆಂದು ಲೋಕದ ನಗೆಗೀಡಾದ ಆ ಬಾಲಕನು ಈ ಒಂದು ವಿಷಯದಲ್ಲಿ ತೋರಿದ ವಿವೇಕವನ್ನು ಯಾರೂ ಹೊಗಳಿದಂತೆ ಕಾಣುವುದಿಲ್ಲ.

ಅರ್ಜುನನದು ಬೇಕೆಂದೇ ತಾಳಿದ ಅಜ್ಞಾತವಾಸ. ವೇಷದ ಒಳಗೆ ತಾನು ಯಾರೆಂಬ ಅರಿವು ಅವನಿಗೆ ಒಂದು ಕ್ಷಣವೂ ತಪ್ಪಿರಲಿಲ್ಲ. ಆದರೆ ಆ ಹತ್ತು ಹೆಸರುಗಳನ್ನು ಅರ್ಜುನನೇ ಮರೆತಿದ್ದರೆ? ಗಾಂಡೀವವನ್ನು ಕಂಡು, ಇದು ಯಾರದೆಂದು ಅವನೇ ಕೇಳಿದ್ದರೆ? ಆಗಲೂ ಅವನು ಅರ್ಜುನನೇ ಆಗಿರುತ್ತಿದ್ದನೇ? ದ್ರೌಪದಿಗೆ ಅವನಲ್ಲಿದ್ದ ಅಧಿಕಾರವೂ ಅವನಿಗೆ ಅವಳಲ್ಲಿದ್ದ ಕರ್ತವ್ಯವೂ ಉಳಿದಿರುತ್ತಿದ್ದುವೇ? ನೆನಪು ಕಳೆದುಕೊಂಡು ಬಂದ ಅಪರಿಚಿತನು ತನ್ನವನೇ ಎಂದು ತಿಳಿಯುವ ಬಗೆ ಯಾವುದು, ತಿಳಿಯದಿದ್ದಾಗ ಕಾಯುವುದು ಧರ್ಮವೋ ಭ್ರಮೆಯೋ ಎಂಬುದು ಕೇವಲ ತಾರ್ಕಿಕರ ಪ್ರಶ್ನೆಯಲ್ಲ. ಈ ಪುಣೆ ನಗರದಲ್ಲಿಯೇ ಒಬ್ಬ ಸ್ತ್ರೀಯು ಇಪ್ಪತ್ತೆರಡು ವರ್ಷಗಳ ಕಾಲ ಈ ಪ್ರಶ್ನೆಯನ್ನು ಹಣೆಯ ಮೇಲೆ ಧರಿಸಿ ಬಾಳಿದಳು.

1761ರ ಜನವರಿ 14ರಂದು ಪಾಣಿಪತ್ತಿನ ರಣರಂಗದಲ್ಲಿ ಮರಾಠರ ಸೇನೆ ಅಹಮದ್ ಶಾಹ ಅಬ್ದಾಲಿಯ ಎದುರು ನುಚ್ಚುನೂರಾಯಿತು. ಸೇನೆಯ ನಾಯಕ ಸದಾಶಿವರಾವ್ ಭಾವೂ. ಚಿಮಾಜಿ ಅಪ್ಪನ ಮಗ, ನಾನಾಸಾಹೇಬ ಪೇಶ್ವೆಗೆ ಚಿಕ್ಕಪ್ಪನ ಮಗ. ಉತ್ತರ ಕರ್ನಾಟಕದವರಿಗೆ ಈತನ ಹೆಸರು ಹೊಸದಲ್ಲ. 1746-47ರಲ್ಲಿ ಅವನ ಮೊದಲ ದಂಡಯಾತ್ರೆ ನಡೆದದ್ದು ಕರ್ನಾಟಕದ ಮೇಲೆಯೇ. ಕೊಪ್ಪಳದ ಹತ್ತಿರದ ಬಹದ್ದೂರಬಂಡಿಯ ಕೋಟೆಯನ್ನು ಆಗಲೇ ಅವನು ಹಿಡಿದನು. ಸವಣೂರಿನ ನವಾಬನಿಂದ ಬಾಗಲಕೋಟೆ, ಬಾದಾಮಿ, ನವಲಗುಂದ ಮೊದಲಾದ ಪರಗಣೆಗಳು ಪೇಶ್ವೆಯ ಕೈಸೇರಿದ್ದೂ ಆ ಯಾತ್ರೆಯಿಂದಲೇ. ಅಂಥ ನಾಯಕನು, ಅಣ್ಣನ ಮಗ ವಿಶ್ವಾಸರಾವ್ ಗುಂಡೇಟಿಗೆ ಬಿದ್ದುದನ್ನು ಕಂಡು, ಆನೆಯಿಂದಿಳಿದು ಕುದುರೆಯನ್ನೇರಿ ಶತ್ರುಸೇನೆಯೊಳಗೆ ನುಗ್ಗಿದನು. ಆಮೇಲೆ ಅವನನ್ನು ಅವನ ಕಡೆಯವರು ಕಾಣಲಿಲ್ಲ.

ಅವಧದ ನವಾಬ ಷುಜಾ ಉದ್ದೌಲನ ಬಳಿಯಲ್ಲಿದ್ದ ಕಾಶೀರಾಜ ಪಂಡಿತನು ಈ ಯುದ್ಧದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಅವನ ಪ್ರಕಾರ, ಹೆಣಗಳ ರಾಶಿಯಲ್ಲಿ ಹುಡುಕಿದಾಗ ತಲೆಯಿಲ್ಲದ ಒಂದು ದೇಹ ದೊರೆಯಿತು. ಮೈಮೇಲಿನ ಹಳೆಯ ಗಾಯದ ಕಲೆ ಮೊದಲಾದ ಚಿಹ್ನೆಗಳಿಂದ ಅದು ಭಾವೂಸಾಹೇಬನದೆಂದು ನಿರ್ಧರಿಸಿ ದಹನ ಮಾಡಿಸಲಾಯಿತು. ಆದರೆ ಚಿಹ್ನೆಗಳನ್ನು ನೋಡಿದವರು ಪಾಣಿಪತ್ತಿನಲ್ಲಿದ್ದರು, ನಂಬಬೇಕಾದವರು ಪುಣೆಯಲ್ಲಿದ್ದರು. ನಡುವೆ ಸಾವಿರ ಮೈಲಿಗೆ ಸಮೀಪದ ದಾರಿ, ನೂರಾರು ಬಾಯಿಗಳ ವದಂತಿ. ನಾನಾಸಾಹೇಬನು ಆ ದುಃಖದಲ್ಲಿಯೇ ಕುಗ್ಗಿ ಅದೇ ವರ್ಷದ ಜೂನ್ 23ರಂದು ಪರ್ವತೀ ಗುಡ್ಡದ ಮೇಲೆ ಪ್ರಾಣಬಿಟ್ಟನು.

ಭಾವೂವಿನ ಪತ್ನಿ ಪಾರ್ವತಿಬಾಯಿ ಪತಿಯೊಡನೆ ಪಾಣಿಪತ್ತಿಗೂ ಹೋಗಿದ್ದವಳು. ಸೋಲಿನ ಗೊಂದಲದಲ್ಲಿ ನಿಷ್ಠಾವಂತ ಸೇವಕರ ನೆರವಿನಿಂದ ಪಾರಾಗಿ ದಕ್ಷಿಣಕ್ಕೆ ಹಿಂದಿರುಗಿದಳು. ಆದರೆ ವಿಧವೆಯ ಲಕ್ಷಣಗಳನ್ನು ಧರಿಸಲು ಆಕೆ ಒಪ್ಪಲಿಲ್ಲ. ಪತಿಯ ಮರಣವನ್ನು ತಾನು ಕಂಡಿಲ್ಲ. ಕಾಣದುದನ್ನು ಕಂಡಂತೆ ಒಪ್ಪಿಕೊಳ್ಳಲಾರೆನೆಂಬುದೇ ಆಕೆಯ ನಿಲುವು. ಪೇಶ್ವೆಯ ಮನೆತನವೂ ಆಕೆಯನ್ನು ಬಲವಂತಪಡಿಸಲಿಲ್ಲ. ಹದಿನೆಂಟನೆಯ ಶತಮಾನದ ಪುಣೆಯಲ್ಲಿ, ಆಚಾರದ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಬ್ರಾಹ್ಮಣ ಸಮಾಜದ ಮಧ್ಯದಲ್ಲಿ, ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಪಾಣಿಪತ್ತಿನಲ್ಲಿ ಬಿದ್ದವರು ಸಾವಿರಾರು ಮಂದಿ. ಅವರ ಹೆಂಡಂದಿರಲ್ಲಿ ಎಷ್ಟು ಮಂದಿಗೆ ಪತಿಯ ದೇಹ ಕಾಣಸಿಕ್ಕಿತ್ತು? ಕುಂಕುಮವನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ಅವರಲ್ಲಿ ಎಷ್ಟು ಮಂದಿಗಿತ್ತು? ಸಾಮಾನ್ಯ ಸಿಪಾಯಿಯ ಮಡದಿ ಕಾದದ್ದನ್ನು ಯಾವ ಬಖರಿನವನೂ ಬರೆಯಲಿಲ್ಲ.

ಹೀಗಿರಲು, ಮಾಧವರಾವ್ ಪೇಶ್ವೆಯ ಕಾಲದಲ್ಲಿ, ರೂಪದಲ್ಲಿ ಭಾವೂವನ್ನು ಹೋಲುತ್ತಿದ್ದ ಒಬ್ಬ ಮನುಷ್ಯನು ಉತ್ತರದಿಂದ ಬಂದನು. ತಾನೇ ಭಾವೂಸಾಹೇಬ, ರಣರಂಗದಿಂದ ಪಾರಾಗಿ ಬಂದವನೆಂದು ಹೇಳಿಕೊಂಡನು. ವಿಚಾರಣೆಯಲ್ಲಿ ಆತನು ಸುಖಲಾಲನೆಂಬ ಕನೋಜಿ ಬ್ರಾಹ್ಮಣನೆಂದು ಗೊತ್ತಾಗಿ ಕೋಟೆಗಳಲ್ಲಿ ಸೆರೆಯಿಡಲ್ಪಟ್ಟನು. ಮರಾಠಿಯಲ್ಲಿ ಇಂಥ ವೇಷಧಾರಿಗೆ ತೋತಯಾ ಎಂದು ಹೆಸರು. ಆ ಹೆಸರಿನಿಂದಲೇ ಅವನು ಇತಿಹಾಸದಲ್ಲಿ ಉಳಿದಿದ್ದಾನೆ, ನರಸಿಂಹ ಚಿಂತಾಮಣ ಕೇಳಕರರ ನಾಟಕದಲ್ಲಿಯೂ ಸೇರಿದ್ದಾನೆ. ಕಥೆ ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ನಾರಾಯಣರಾವ್ ಪೇಶ್ವೆಯ ಕೊಲೆಯಾಗಿ, ಹಸುಗೂಸಾದ ಸವಾಯಿ ಮಾಧವರಾವನ ಹೆಸರಿನಲ್ಲಿ ನಾನಾ ಫಡ್ನವೀಸ ಮೊದಲಾದವರು ರಾಜ್ಯವಾಳುತ್ತಿದ್ದ ಕಾಲದಲ್ಲಿ, 1776ರಲ್ಲಿ, ರತ್ನಾಗಿರಿಯ ಕೋಟೆಯ ಅಧಿಕಾರಿ ರಾಮಚಂದ್ರ ನಾಯಕ ಪರಾಂಜಪೆ ಆತನನ್ನು ಬಿಡುಗಡೆ ಮಾಡಿ ಒಡೆಯನೆಂದು ಮನ್ನಿಸಿದನು. ಕೊಂಕಣದಲ್ಲಿ ಸಾವಿರಾರು ಜನ ಅವನ ಹಿಂದೆ ನಿಂತರು. ಒಂದಾದ ಮೇಲೊಂದು ಕೋಟೆ ಅವನಿಗೆ ಬಾಗಿಲು ತೆರೆಯಿತು. ಕೊನೆಗೆ ಮಹಾದಜಿ ಶಿಂದೆ, ಭಿವರಾವ್ ಪಾನಸೆ ಇವರ ಸೇನೆಗಳು ಅವನನ್ನು ಸೋಲಿಸಿದುವು. ಓಡಿಹೋದವನನ್ನು ಆಂಗ್ರೆ ಹಿಡಿದುಕೊಟ್ಟನು. ಪುಣೆಯಲ್ಲಿ ಮತ್ತೆ ವಿಚಾರಣೆಯಾಗಿ ಆ ವರ್ಷದ ಡಿಸೆಂಬರಿನಲ್ಲಿ ಮರಣದಂಡನೆಗೆ ಗುರಿಯಾದನು.

ಜನರು ಏಕೆ ನಂಬಿದರು? ಮುಖದ ಹೋಲಿಕೆಯೊಂದರಿಂದ ಇಪ್ಪತ್ತು ಸಾವಿರ ಜನ ಕತ್ತಿ ಹಿಡಿಯುವುದಿಲ್ಲ. ಆಳುವವರ ಮೇಲಿನ ಅಸಮಾಧಾನ, ಕಳೆದುಹೋದ ವೈಭವದ ಹಂಬಲ, ಹದಿನೈದು ವರ್ಷಗಳಿಂದ ನಂಬಲಾಗದೆ ಉಳಿದಿದ್ದ ಒಂದು ಸಾವು, ಇವೆಲ್ಲ ಕೂಡಿ ಆ ಮುಖಕ್ಕೆ ಭಾವೂವಿನ ಹೆಸರನ್ನು ಕೊಟ್ಟುವು. ಅವನ ಪಕ್ಷಕ್ಕಿದ್ದ ಅತಿ ದೊಡ್ಡ ಸಾಕ್ಷಿಯೆಂದರೆ ಪಾರ್ವತಿಬಾಯಿಯ ಹಣೆಯ ಕುಂಕುಮವೇ. ಪತ್ನಿಯೇ ಪತಿ ಬದುಕಿದ್ದಾನೆನ್ನುವಾಗ ಬೇರೆಯವರು ಸತ್ತನೆನ್ನುವುದು ಹೇಗೆ? ಈ ಕಾರಣದಿಂದಲೇ ಆಕೆಯ ನಿಷ್ಠೆಯು ರಾಜ್ಯಕ್ಕೆ ಅನರ್ಥ ತಂದಿತೆಂದು ಆಕ್ಷೇಪಿಸುವವರು ಇರಬಹುದು.

ಆಕ್ಷೇಪ ನಿಲ್ಲುವುದಿಲ್ಲ. ಆ ಕುಂಕುಮವು ಸಾರುತ್ತಿದ್ದುದು ಪತಿಯ ಮರಣವನ್ನು ತಾನು ಅರಿಯೆನೆಂಬುದನ್ನು. ಬಂದವನೇ ಪತಿಯೆಂದು ಅದು ಎಂದೂ ಸಾರಲಿಲ್ಲ. ಈ ಎರಡು ಮಾತುಗಳ ನಡುವಣ ಅಂತರವು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕಂಡರೂ ಧರ್ಮವೆಲ್ಲ ಆ ಅಂತರದಲ್ಲಿಯೇ ಇದೆ. ತೋತಯಾ ಸುಳ್ಳುಗಾರನೆಂದು ಸಿದ್ಧವಾದ ಮೇಲೂ ಪಾರ್ವತಿಬಾಯಿ ಕುಂಕುಮವನ್ನು ಅಳಿಸಲಿಲ್ಲ. ಒಬ್ಬ ವೇಷಧಾರಿಯ ಸುಳ್ಳು ಬಯಲಾದರೆ ಅದರಿಂದ ಅವನು ವೇಷಧಾರಿಯೆಂಬುದಷ್ಟೇ ಸಿದ್ಧವಾಗುತ್ತದೆ, ನಿಜವಾದವನು ಇಲ್ಲವೆಂಬುದಲ್ಲ. ಕಾಯುವವರಿಗೆ ಎರಡು ಅಪಾಯಗಳು: ಬಾಗಿಲನ್ನು ಮುಚ್ಚಿಬಿಡುವುದೊಂದು, ಬಂದವನನ್ನೆಲ್ಲ ಒಳಗೆ ಕರೆಯುವುದೊಂದು. ಆಕೆ ಎರಡನ್ನೂ ಮಾಡಲಿಲ್ಲ. ಹಾಗೆಂದು ಆಕೆ ಬಾಳನ್ನು ಶೂನ್ಯಮಾಡಿಕೊಂಡು ಕುಳಿತವಳೂ ಅಲ್ಲ. 1774ರಲ್ಲಿ ನಾರಾಯಣರಾವನ ವಿಧವೆ, ಗರ್ಭಿಣಿ ಗಂಗಾಬಾಯಿಯನ್ನು ಪುರಂದರ ಕೋಟೆಗೆ ಸಾಗಿಸಿದಾಗ ಆ ತರುಣಿಯ ಬೆಂಗಾವಲಿಗೆ ಹೋದವಳು ಪಾರ್ವತಿಬಾಯಿಯೇ. ವಂಶದ ಉಳಿವೇ ಒಂದು ಹೆರಿಗೆಯ ಮೇಲೆ ನಿಂತಿದ್ದ ದಿನಗಳಲ್ಲಿ ಎಲ್ಲರೂ ನಂಬಿದ್ದು ಆಕೆಯನ್ನು.

ಇದಕ್ಕೆ ವಿರುದ್ಧವಾದ ಇನ್ನೊಂದು ಚಿತ್ರವು ಬಂಗಾಳದಲ್ಲಿದೆ. ಢಾಕಾದ ಸಮೀಪದ ಭವಾಲ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರನಾರಾಯಣ ರಾಯನು 1909ರ ಮೇ ತಿಂಗಳಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ಸುದ್ದಿಯಾಯಿತು. ಹನ್ನೆರಡು ವರ್ಷಗಳ ತರುವಾಯ ಭಸ್ಮಧಾರಿಯಾದ ಸಂನ್ಯಾಸಿಯೊಬ್ಬನು ಢಾಕಾದ ನದೀತೀರದಲ್ಲಿ ಕಾಣಿಸಿಕೊಂಡನು. ಮಳೆಯ ರಾತ್ರಿ ಸ್ಮಶಾನದಲ್ಲಿ ಬಿಟ್ಟುಹೋದ ತನ್ನನ್ನು ನಾಗಾ ಸಾಧುಗಳು ಕಾಪಾಡಿದರು, ತಾನು ಯಾರೆಂಬುದನ್ನೇ ಮರೆತು ಅವರೊಡನೆ ವರ್ಷಗಟ್ಟಲೆ ಅಲೆದೆ, ನಿಧಾನವಾಗಿ ನೆನಪು ಮರಳಿತು ಎಂಬುದು ಆತನ ಹೇಳಿಕೆ. ಅಕ್ಕ ಗುರುತಿಸಿದಳು, ರೈತರು ಗುರುತಿಸಿದರು. ಪತ್ನಿ ಬಿಭಾವತಿ ದೇವಿ ಮಾತ್ರ, ಇವನು ತನ್ನ ಪತಿಯಲ್ಲವೆಂದಳು. ದಾವೆ 1930ರಲ್ಲಿ ಆರಂಭವಾಯಿತು. ಮೈಮೇಲಿನ ಕಲೆಗಳು, ಕೈಬರಹ, ನೂರಾರು ಸಾಕ್ಷಿಗಳು ಇವೆಲ್ಲವನ್ನೂ ತೂಗಿನೋಡಿ ನ್ಯಾಯಾಧೀಶ ಪನ್ನಾಲಾಲ ಬಸು 1936ರಲ್ಲಿ ಸಂನ್ಯಾಸಿಯೇ ಕುಮಾರನೆಂದು ತೀರ್ಪಿತ್ತರು. 1940ರಲ್ಲಿ ಕಲ್ಕತ್ತೆಯ ಹೈಕೋರ್ಟು, 1946ರ ಜುಲೈ ಕೊನೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲು ಅದನ್ನೇ ಎತ್ತಿಹಿಡಿದುವು. ಗೆದ್ದವನು ಕೆಲವೇ ದಿನಗಳಲ್ಲಿ ತೀರಿಕೊಂಡನು. ಬಿಭಾವತಿ ಕೊನೆಯವರೆಗೂ ಒಪ್ಪಲಿಲ್ಲ.

ಮೂರು ನ್ಯಾಯಾಸ್ಥಾನಗಳು ಹೌದೆಂದುದನ್ನು ಒಬ್ಬ ಹೆಂಗಸು ಅಲ್ಲವೆಂದಳು. ಆಕೆಯನ್ನು ಹಠಮಾರಿಯೆಂದು ಹಳಿಯುವುದು ಸುಲಭ. ಆದರೆ ನ್ಯಾಯಾಸ್ಥಾನವು ಜಮೀನಿನ ಪಾಲನ್ನು ಹಿಂದಕ್ಕೆ ಕೊಡಿಸಬಲ್ಲುದೇ ಹೊರತು ಒಬ್ಬರ ಕಣ್ಣಿನ ಗುರುತನ್ನು ಇನ್ನೊಬ್ಬರಿಗೆ ಕೊಡಿಸಲಾರದು. ಹನ್ನೆರಡು ವರ್ಷ ಬೇರೊಬ್ಬನಾಗಿ ಬಾಳಿ ಬಂದವನು, ಅವನೇ ಆಗಿದ್ದರೂ, ಆಕೆಗೆ ಅದೇ ಪತಿಯೇ? ಕಾನೂನಿನ ದೃಷ್ಟಿಯಲ್ಲಿ ಈ ಪ್ರಶ್ನೆಗೆ ಸ್ಥಳವಿಲ್ಲ. ಧರ್ಮಶಾಸ್ತ್ರದಲ್ಲಿ ಇದೆಯೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1930ರಿಂದ 1962ರವರೆಗೆ ಪ್ರಕಟಿಸಿದ ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸದಲ್ಲಿ ಈ ವಿಷಯದ ನಿಬಂಧಗಳ ಸಾರ ದೊರೆಯುತ್ತದೆ. ಮನೆಬಿಟ್ಟು ಹೋದವನ ಸುದ್ದಿ ಬಹುಕಾಲ ಬಾರದಿದ್ದರೆ, ಹನ್ನೆರಡು ವರ್ಷವೆಂಬುದು ಹೆಚ್ಚು ರೂಢಿಯಾದ ಗಡುವು, ಪಲಾಶದ ಎಲೆ ಮೊದಲಾದವುಗಳಿಂದ ಅವನ ಪ್ರತಿಕೃತಿಯನ್ನು ಮಾಡಿ ದಹಿಸಿ ಉತ್ತರಕ್ರಿಯೆ ನಡೆಸಬೇಕು. ಇದು ಬಹುಮಂದಿಗೆ ತಿಳಿದಿರುವುದೇ. 1872ರ ಸಾಕ್ಷ್ಯ ಕಾನೂನೂ, ಅದರ ಸ್ಥಾನದಲ್ಲಿ ಬಂದ 2023ರ ಕಾನೂನೂ ಇದೇ ಬಗೆಯಲ್ಲಿ ಏಳು ವರ್ಷಗಳ ಗಡುವನ್ನು ಇಟ್ಟಿವೆ. ಆದರೆ ಶಾಸ್ತ್ರಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹಾಗೆ ದಹಿಸಲ್ಪಟ್ಟವನು ಒಂದು ದಿನ ಬದುಕಿ ಬಂದರೆ? ಅವನನ್ನು ತುಪ್ಪದಲ್ಲಿ ಮೀಯಿಸಿ, ಆಗತಾನೆ ಹುಟ್ಟಿದ ಶಿಶುವಿಗೆ ಮಾಡುವಂತೆ ಜಾತಕರ್ಮದಿಂದ ಮೊದಲ್ಗೊಂಡು ಸಂಸ್ಕಾರಗಳನ್ನೆಲ್ಲ ಮತ್ತೆ ಮಾಡಬೇಕು. ಅವನು ತನ್ನ ಹೆಂಡತಿಯನ್ನೇ ಮತ್ತೊಮ್ಮೆ ವಿವಾಹವಾಗಬೇಕು!

ಮೇಲುನೋಟಕ್ಕೆ ಇದು ಕರ್ಮಠರ ವಿನೋದದಂತೆ ತೋರೀತು. ನಿಧಾನವಾಗಿ ನೋಡಿದರೆ ಇದರ ಮಾನವೀಯತೆ ಗೋಚರಿಸುತ್ತದೆ. ಹಿಂದಿರುಗಿದವನು ಅವನೇ ಹೌದು, ಆದರೆ ಹಳೆಯ ಅಧಿಕಾರಗಳೊಡನೆ ನೇರವಾಗಿ ಒಳಮನೆಗೆ ನುಗ್ಗಲಾರ. ಅವನು ಹೊಸದಾಗಿ ಹುಟ್ಟಬೇಕು, ಹೊಸದಾಗಿ ಹೆಸರು ಪಡೆಯಬೇಕು, ಹೊಸದಾಗಿ ಕೈಹಿಡಿಯಬೇಕು. ಭವಾಲದ ಸಂನ್ಯಾಸಿಗೆ ನ್ಯಾಯಾಸ್ಥಾನವು ಹಳೆಯದನ್ನೆಲ್ಲ ಒಮ್ಮೆಗೇ ಹಿಂದಿರುಗಿಸಿತು. ಶಾಸ್ತ್ರವಾದರೋ ಮೊದಲ ಅಕ್ಷರದಿಂದ ಆರಂಭಿಸೆನ್ನುತ್ತದೆ.

ಅವನೇ ಹೌದು ಎಂದು ಹೇಳುವುದಾದರೂ ಯಾವ ಆಧಾರದಿಂದ? ಆಂಗ್ಲ ತತ್ತ್ವಜ್ಞ ಜಾನ್ ಲಾಕನು 1694ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಒಂದು ಅಧ್ಯಾಯವನ್ನು ಸೇರಿಸಿ, ಒಬ್ಬನ ಅರಿವು ಹಿಂದಕ್ಕೆ ಎಲ್ಲಿಯವರೆಗೆ ಹರಿಯುತ್ತದೆಯೋ ಅಲ್ಲಿಯವರೆಗೆ ಮಾತ್ರ ಅವನು ಅದೇ ವ್ಯಕ್ತಿ ಎಂದು ವಾದಿಸಿದನು. ಈ ಅಳತೆಯಿಂದ ನೋಡಿದರೆ ನೆನಪು ಹೋದವನು ಬೇರೆಯವನೇ. ನಮ್ಮ ನೈಯಾಯಿಕರೂ ಸ್ಮೃತಿಯನ್ನು ಹಿಡಿದೇ ಆತ್ಮನನ್ನು ಸಾಧಿಸುತ್ತಾರೆ: ಹಿಂದೆ ಕಣ್ಣಿನಿಂದ ಕಂಡುದನ್ನು ಈಗ ಕೈಯಿಂದ ಮುಟ್ಟಿ, ಅದೇ ಇದು ಎಂದು ಗುರುತಿಸಬೇಕಾದರೆ ಕಂಡವನೂ ಮುಟ್ಟಿದವನೂ ಒಬ್ಬನೇ ಆಗಿರಬೇಕು. ಆದರೆ ಅವರಿಗೆ ಸ್ಮೃತಿಯು ಆತ್ಮನಿರುವುದಕ್ಕೆ ಹೇತು, ಆತ್ಮನೇ ಅಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಹೊಗೆಯಿಲ್ಲವೆಂದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿದೆ? ಕೈಯಿಟ್ಟು ನೋಡಿದವನಿಗೆ ಬೆಂಕಿ ಗೊತ್ತಾಗುತ್ತದೆ. ಈ ದೃಷ್ಟಾಂತವು ತರ್ಕದ ಪಾಠದಲ್ಲಿ ಒಣಗಿ ಕುಳಿತಿರುವಾಗ ಇದರಲ್ಲಿ ಎಷ್ಟು ಕರುಣೆಯಿದೆಯೆಂಬುದು ತಿಳಿಯುವುದಿಲ್ಲ.

ಅದು ತಿಳಿಯುವುದು ಮನೆಗಳಲ್ಲಿ. ಪುಣೆಯ ಕನ್ನಡಿಗರ ಅನೇಕ ಮನೆಗಳಲ್ಲಿ ಈಗ ಎಂಬತ್ತು ದಾಟಿದ ಹಿರಿಯರಿದ್ದಾರೆ. ಮರೆವಿನ ರೋಗವು ಅವರಲ್ಲಿ ಕೆಲವರನ್ನು ಹಿಡಿದಿದೆ. ಚಲನಚಿತ್ರಗಳಲ್ಲಿ ತಲೆಗೆ ಒಂದು ಪೆಟ್ಟು ಬಿದ್ದು ಹೋದ ನೆನಪು ಎರಡನೆಯ ಪೆಟ್ಟಿಗೆ ಮರಳಿಬರುತ್ತದೆ, ಇಲ್ಲಿ ಹಾಗಲ್ಲ. ಇದು ಗೋಡೆಯ ಸುಣ್ಣದಂತೆ ಪದರ ಪದರವಾಗಿ ಉದುರುತ್ತದೆ. ಇತ್ತೀಚಿನದು ಮೊದಲು ಹೋಗುತ್ತದೆ, ಬಾಲ್ಯದ್ದು ಬಹುಕಾಲ ನಿಲ್ಲುತ್ತದೆ. ತಡವಾಗಿ ಕಲಿತ ಭಾಷೆ ಜಾರಿಹೋಗಿ ಹುಟ್ಟುಭಾಷೆಯೊಂದೇ ಉಳಿಯುವುದನ್ನು ವೈದ್ಯರು ಅನೇಕರಲ್ಲಿ ಕಂಡಿದ್ದಾರೆ. ನಲವತ್ತು ವರ್ಷ ಮಂಡಯಿಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ ತರಕಾರಿ ತಂದ ಗೃಹಿಣಿಯು ಮರಾಠಿಯನ್ನೇ ಮರೆತು, ಕೆಲಸದವಳೊಡನೆ ಧಾರವಾಡದ ಕನ್ನಡದಲ್ಲಿ ಮಾತಾಡತೊಡಗುತ್ತಾಳೆ. ಐವತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡನನ್ನು ನೋಡಿ, "ಯಾರ್ರೀ ನೀವು? ನಮ್ಮ ಮನಿಯವರು ಇನ್ನೂ ಬಂದಿಲ್ಲ, ಕೂತ್ಕೋರಿ" ಎನ್ನುತ್ತಾಳೆ. ಕಾಣೆಯಾದವನು ಎದುರಿಗೇ ಇದ್ದಾನೆ. ಕಾಯುವವಳು ಅವನಿಗಾಗಿಯೇ ಕಾಯುತ್ತಿದ್ದಾಳೆ. ಆ ವೃದ್ಧನು ಏನು ಮಾಡಬೇಕು? ತಾನೇ ನಿನ್ನ ಪತಿಯೆಂದು ತೋತಯಾನಂತೆ ದಿನವೂ ವಾದಿಸಬೇಕೇ? ಕಲೆಗಳನ್ನು ತೋರಿಸಿ ಸಾಕ್ಷಿ ನುಡಿಯಬೇಕೇ? ಹೆಚ್ಚಿನವರು ಅಂಥದೇನನ್ನೂ ಮಾಡುವುದಿಲ್ಲ. ಬಂದ ಅತಿಥಿಯಂತೆ ಕುಳಿತು, ಆಕೆ ಕೊಟ್ಟ ಚಹಾ ಕುಡಿದು, ಗುಳಿಗೆ ಕೊಡುವ ಹೊತ್ತಿಗೆ ಗುಳಿಗೆ ಕೊಡುತ್ತಾರೆ. ಇಬ್ಬರಲ್ಲಿ ಒಬ್ಬರು ಮರೆತಾಗ ಸಂಬಂಧದ ಪೂರ್ತಿ ಭಾರವನ್ನು ನೆನಪಿರುವ ಇನ್ನೊಬ್ಬರು ಹೊರುತ್ತಾರೆ. ತನ್ನನ್ನು ಗುರುತಿಸಲೆಂದು ಒತ್ತಾಯಿಸದೆ ಹೊರುವುದು ಇನ್ನೂ ಕಠಿಣ.

ಇದನ್ನು ಕಾಳಿದಾಸನು ಬಲ್ಲನು. ವ್ಯಾಸರ ಮಹಾಭಾರತದಲ್ಲಿ ದುಷ್ಯಂತನು ಶಕುಂತಲೆಯನ್ನು ಮರೆಯುವುದೇ ಇಲ್ಲ. ನೆನಪಿದ್ದೂ ಲೋಕಾಪವಾದಕ್ಕೆ ಅಂಜಿ ಅರಿಯೆನೆನ್ನುತ್ತಾನೆ, ಅಶರೀರವಾಣಿಯಾದ ಮೇಲೆ ಒಪ್ಪುತ್ತಾನೆ. ದುರ್ವಾಸರ ಶಾಪವನ್ನೂ ಉಂಗುರವನ್ನೂ ತಂದವನು ಕಾಳಿದಾಸ. ನಾಯಕನ ದೋಷವನ್ನು ಮುಚ್ಚಲು ಹೂಡಿದ ಉಪಾಯವಿದೆಂದು ವಿಮರ್ಶಕರು ಹೇಳುವುದುಂಟು. ಅಷ್ಟೇ ಆಗಿದ್ದರೆ ನಾಟಕವು ಇಷ್ಟು ಕಾಲ ಬಾಳುತ್ತಿರಲಿಲ್ಲ. ಮರೆತ ದುಷ್ಯಂತನು ತುಂಬಿದ ಸಭೆಯಲ್ಲಿ ಗರ್ಭಿಣಿಯನ್ನು ನಿರಾಕರಿಸುವಾಗ ತಾನು ಧರ್ಮವನ್ನೇ ಆಚರಿಸುತ್ತಿರುವೆನೆಂದು ತಿಳಿದಿದ್ದಾನೆ. ನೆನಪಿಲ್ಲದವನು ಪರಸ್ತ್ರೀಯೆಂದು ತೋರುವವಳನ್ನು ಕೈಹಿಡಿದರೆ ಅದು ಅಧರ್ಮವಲ್ಲವೇ? ಅವನ ನಡತೆಯಲ್ಲಿ ತಪ್ಪಿಲ್ಲ, ಅವಳಿಗಾದ ಅನ್ಯಾಯವೂ ಸುಳ್ಳಲ್ಲ. ಮುಂದೆ ಉಂಗುರ ಕಂಡು ನೆನಪು ಬಂದಾಗ, ಶಾಪದ ಸಂಗತಿಯನ್ನೇ ಅರಿಯದ ಅವನು ಎಲ್ಲ ಹೊಣೆಯನ್ನೂ ತಾನೇ ಹೊತ್ತು ಕೊರಗುತ್ತಾನೆ. ಮಾರೀಚಾಶ್ರಮದಲ್ಲಿ ಶಕುಂತಲೆಯ ಕಾಲಿಗೆ ಬೀಳುತ್ತಾನೆ. ಶಾಪದ ವಿಷಯ ತಿಳಿಯುವುದು ಆಮೇಲೆ. ಕ್ಷಮೆ ಬೇಡಿದ್ದು ಮೊದಲು, ನೆಪ ದೊರೆತದ್ದು ಅನಂತರ. ಕಾಳಿದಾಸನ ಈ ಕ್ರಮವು ಆಕಸ್ಮಿಕವಲ್ಲ.

ಪುಣೆಯವರಿಗೂ ಕನ್ನಡಿಗರಿಗೂ ಈ ನಾಟಕದಲ್ಲಿ ಸಮಾನವಾದ ಪಾಲಿದೆ. 1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಸಂಗೀತ ಶಾಕುಂತಲವನ್ನು ಮೊದಲು ಆಡಿಸಿ ಮರಾಠೀ ಸಂಗೀತರಂಗಭೂಮಿಗೆ ಅಡಿಗಲ್ಲಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅತ್ತ ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿ ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸರೆನಿಸಿದರು. ಎರಡು ಭಾಷೆಗಳ ರಂಗಭೂಮಿಯೂ ಮರೆವಿನ ಕಥೆಯೊಂದನ್ನು ಹಿಡಿದು ಎದ್ದು ನಿಂತಿತೆಂಬುದು ಸ್ವಾರಸ್ಯವಾದ ವಿಷಯ.

ನಾಟಕದಲ್ಲಿ ಉಂಗುರವಿದೆ, ಪಾಣಿಪತ್ತಿನಲ್ಲಿ ಗಾಯದ ಕಲೆಯಿತ್ತು, ವಿರಾಟನಗರದಲ್ಲಿ ಹತ್ತು ಹೆಸರುಗಳಿದ್ದುವು. ಎಲ್ಲವೂ ಮರೆತವನನ್ನೋ ಮರೆಯಾದವನನ್ನೋ ಹೊರಗೆ ಹುಡುಕುವ ಕಥೆಗಳು. ಅಧ್ಯಾತ್ಮಶಾಸ್ತ್ರವು ಪ್ರಶ್ನೆಯ ದಿಕ್ಕನ್ನೇ ತಿರುಗಿಸುತ್ತದೆ. ಬೃಹದಾರಣ್ಯಕದ ಭಾಷ್ಯದಲ್ಲಿ ಶಂಕರರು ಬೇಡರ ನಡುವೆ ಬೆಳೆದ ರಾಜಪುತ್ರನ ಆಖ್ಯಾಯಿಕೆಯನ್ನು ಹೇಳುತ್ತಾರೆ: ತಾನು ಬೇಡನೆಂದೇ ತಿಳಿದು ಬೇಡರ ಕೆಲಸಗಳನ್ನೇ ಮಾಡುತ್ತಿದ್ದವನು, ನೀನು ರಾಜಪುತ್ರನೆಂದು ಬಲ್ಲವನೊಬ್ಬನು ತಿಳಿಸಿದೊಡನೆ ತನ್ನ ನಿಜವನ್ನು ಪಡೆಯುತ್ತಾನೆ. ಜೀವನು ಎಂದೆಂದಿಗೂ ಹರಿಯ ಅಧೀನನೆಂಬ ಮಾಧ್ವಸಿದ್ಧಾಂತದಲ್ಲಿಯೂ ಆ ಅಧೀನತೆಯ ವಿಸ್ಮೃತಿಯೇ ಸಂಸಾರದ ಕೇಡು. ಶರಣರ ವಚನಗಳಲ್ಲಿ ಅರಿವಿಗೆ ಎದುರಾಗಿ ನಿಲ್ಲುವ ಮಾತು ಮರವೆ. ಮತಗಳು ಬೇರೆಯಾದರೂ ಮರೆತವನು ಯಾರೆಂಬ ವಿಷಯದಲ್ಲಿ ಇವರಲ್ಲಿ ಜಗಳವಿಲ್ಲ. ಊಟಕ್ಕೆ ಮುಂಚೆ ಗೀತೆಯ ಹದಿನೈದನೆಯ ಅಧ್ಯಾಯವನ್ನು ಹೇಳುವ ರೂಢಿ ಅನೇಕ ಮನೆಗಳಲ್ಲಿದೆ. ಅದರಲ್ಲಿ ಭಗವಂತನು ಸ್ಮೃತಿಯೂ ಜ್ಞಾನವೂ ತನ್ನಿಂದಲೇ ಎಂದು ಹೇಳಿ ನಿಲ್ಲದೆ, ಅವುಗಳ ಅಪೋಹನವೂ, ಎಂದರೆ ತೊಲಗುವಿಕೆಯೂ, ತನ್ನಿಂದಲೇ ಎನ್ನುತ್ತಾನೆ. ಅನ್ನ ಆರುವ ಮೊದಲು ಮುಗಿಸುವ ಆತುರದಲ್ಲಿ ಆ ಪದದ ಬಳಿ ನಿಲ್ಲುವವರು ಕಡಿಮೆ. ಮನೆಯಲ್ಲಿ ಹೆಸರು ಮರೆತ ಹಿರಿಯರೊಬ್ಬರು ಎಲೆಯ ಮುಂದೆ ಕುಳಿತಿದ್ದರೆ ಆ ಪದವು ಬೇರೆಯಾಗಿ ಕೇಳಿಸುತ್ತದೆ. ಮರೆವೂ ಅವನ ಕೈಯಿಂದ ಹೊರಗಿನದಲ್ಲ.

ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ನಾರದರು ಪ್ರಾಚೀನಬರ್ಹಿ ರಾಜನಿಗೆ ಹೇಳಿದ ಪುರಂಜನೋಪಾಖ್ಯಾನವುಂಟು. ಪುರಂಜನನೆಂಬ ರಾಜನಿಗೆ ಅವಿಜ್ಞಾತನೆಂಬ ಗೆಳೆಯ. ಹೆಸರೇ ಹೇಳುವಂತೆ, ಯಾರೂ ಅರಿಯದವನು. ಪುರಂಜನನು ಒಂಬತ್ತು ಬಾಗಿಲುಗಳ ಪಟ್ಟಣವೊಂದನ್ನು ಹೊಕ್ಕು, ಅಲ್ಲಿ ಕಂಡ ಸುಂದರಿಯಲ್ಲಿ ಮೈಮರೆತು, ಗೆಳೆಯನನ್ನು ಮರೆತುಬಿಡುತ್ತಾನೆ. ಸಾಯುವಾಗಲೂ ಹೆಂಡತಿಯನ್ನೇ ನೆನೆದದ್ದರಿಂದ ಮುಂದಿನ ಜನ್ಮದಲ್ಲಿ ಹೆಣ್ಣಾಗಿ, ವಿದರ್ಭರಾಜನ ಮಗಳಾಗಿ ಹುಟ್ಟಿ, ಪಾಂಡ್ಯದೇಶದ ಮಲಯಧ್ವಜನ ಕೈಹಿಡಿಯುತ್ತಾನೆ. ವೃದ್ಧಾಪ್ಯದಲ್ಲಿ ಪತಿಯೊಡನೆ ಕಾಡಿಗೆ ಹೋಗಿ ಸೇವೆಮಾಡುತ್ತಿರುವಾಗ ಒಂದು ದಿನ ಪತಿಯ ಪಾದಗಳನ್ನು ಮುಟ್ಟಿದರೆ ಅವುಗಳಲ್ಲಿ ಬಿಸಿಯಿಲ್ಲ. ವೈದರ್ಭಿಯು ಅತ್ತು, ಚಿತೆಯನ್ನೊಟ್ಟಿ, ತಾನೂ ಅದನ್ನು ಸೇರಲು ನಿಶ್ಚಯಿಸುತ್ತಾಳೆ. ಆಗ ಎಲ್ಲಿಂದಲೋ ಒಬ್ಬ ಬ್ರಾಹ್ಮಣನು ಬರುತ್ತಾನೆ. ಅವಳಿಗೆ ಅವನು ಅಪರಿಚಿತ. ನೀನು ಯಾರು, ಯಾರಿಗಾಗಿ ಅಳುತ್ತಿರುವೆ, ಹಿಂದೆ ಜೊತೆಯಲ್ಲಿ ಸಂಚರಿಸುತ್ತಿದ್ದ ಗೆಳೆಯನಾದ ನನ್ನನ್ನು ಅರಿಯೆಯಾ ಎಂದು ಮೆಲ್ಲನೆ ಕೇಳುತ್ತಾನೆ. ತಾವಿಬ್ಬರೂ ಮಾನಸ ಸರೋವರದ ಹಂಸಗಳಾಗಿದ್ದುದನ್ನು ನೆನಪಿಗೆ ತರುತ್ತಾನೆ.

ಇಲ್ಲಿ ಮರೆತವನು ಅಪರಿಚಿತನಲ್ಲ. ಮರೆತವಳು ಕಾಯುತ್ತಿದ್ದ ಪತ್ನಿಯೇ. ಜನ್ಮಾಂತರಗಳ ಕಾಲ ಕಾದವನು ಅವನು. ಅವನ ಬಳಿ ಉಂಗುರವಿಲ್ಲ, ತೋರಿಸಲು ಗಾಯದ ಕಲೆಯೂ ಇಲ್ಲ. ನೀನು ನನ್ನನ್ನು ಮರೆತೆಯೆಂಬ ದೂರೂ ಇಲ್ಲ. ಆ ಹಂಸವು ಇನ್ನೊಂದು ಹಂಸದ ಮಾತಿನಿಂದ ಎಚ್ಚೆತ್ತು, ಅಗಲಿಕೆಯಲ್ಲಿ ಕಳೆದುಹೋಗಿದ್ದ ಸ್ಮೃತಿಯನ್ನು ಮರಳಿ ಪಡೆಯಿತೆಂದು ನಾರದರು ಕಥೆಯನ್ನು ನಿಲ್ಲಿಸುತ್ತಾರೆ.

ಪಾರ್ವತಿಬಾಯಿ 1783ರಲ್ಲಿ, ಹಣೆಯಲ್ಲಿ ಕುಂಕುಮವಿರುವಂತೆಯೇ ತೀರಿಕೊಂಡಳು. ಆಕೆಯ ಬಾಗಿಲಿಗೆ ಬಂದು ಯಾರಿಗಾಗಿ ಕಾಯುತ್ತಿರುವೆಯೆಂದು ಕೇಳಿದ ಗೆಳೆಯನೊಬ್ಬನಿದ್ದನೆಂದು ಯಾವ ಬಖರೂ ಹೇಳುವುದಿಲ್ಲ. ಅಂಥ ಸಂಗತಿಗಳು ಬಖರಿನವರ ಕಣ್ಣಿಗೆ ಬೀಳುವಂಥವೂ ಅಲ್ಲ. ಪ್ರಾಚೀನಬರ್ಹಿಯಾದರೋ ಯಜ್ಞಯಾಗಗಳಲ್ಲಿ ಪಳಗಿದ ಪಂಡಿತ. ಹಂಸಗಳ ಕಥೆಯನ್ನು ಕೊನೆಯವರೆಗೆ ಕೇಳಿ, ತಾವು ಹೇಳಿದ್ದು ತನಗೆ ಚೆನ್ನಾಗಿ ತಿಳಿಯಲಿಲ್ಲವೆಂದು ಅವನು ನಾರದರೊಡನೆ ಅರಿಕೆ ಮಾಡಿಕೊಂಡನು. ನಾರದರು ಪುರಂಜನನ ಹೆಸರಿನಿಂದಲೇ ತೊಡಗಿ ಮತ್ತೆ ಒಂದೊಂದಾಗಿ ಬಿಡಿಸಿ ಹೇಳತೊಡಗಿದರು.